ಸ್ಪ್ರಿಂಗು ಯಾರ ಬೆನ್ನಿಗೆ?

ಈಚೆಗೆ ನಮ್ಮ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಅದರಲ್ಲಿದ್ದದ್ದು ಒಂದು ಸೈಕಲ್ಲು. ಸೈಕಲ್ಲೆಂದರೆ ನಾವು ನೀವು ತುಳಿಯುವಂಥದಲ್ಲ. ಮುಂದಿನ ಗಾಲಿಗೆ ಮೋಟಾರ್ ಸೈಕಲ್ಲಿಗಿರುವಂಥ ಶಾಕ್ ಅಬ್ಸಾರ್ಬರು, ಹಿಂದಿನ ಗಾಲಿಗೆ ಇನ್ನೊಂದು. ಪೆಡಲ್ ತಿರುಗುವ ಠಾವಿನಲ್ಲಿ ಒಂದು ಸಣ್ಣ ವಿದ್ಯುತ್ ಮೋಟಾರು, ಚೌಕಟ್ಟಿನ ದಪ್ಪ ಕೊಳವೆಯ ಒಡಲಲ್ಲಿ ಬ್ಯಾಟರಿ. ಕಲ್ಲುಬಂಡೆಗಳ ಗುಡ್ಡವೊಂದರ ನೆತ್ತಿಯ ಮೇಲೆ ಹೆಲ್ಮೆಟ್ ಧರಿಸಿದ ಸವಾರನೊಬ್ಬ ನಿಂತಿದ್ದಾನೆ. ಎಂಥ ಕೊರಕಲು ಬರಲಿ, ಎಂಥ ಏರು ಬರಲಿ, ಈ ಗಾಡಿಯ ಮೇಲೆ ಕುಳಿತವನ ಮೈ ನೋಯದು, ಉಸಿರು ಕಟ್ಟದು ಎಂಬುದು ಆ ಜಾಹೀರಾತಿನ ಸಾರಾಂಶ. ಬೆಲೆ ಲಕ್ಷಗಳಲ್ಲಿ.

ಅದನ್ನು ನೋಡಿ ನಮಗೆ ಸಿಟ್ಟು ಬಂತೆಂದರೆ ಸುಳ್ಳಾದೀತು. ಮೊದಲು ಬಂದದ್ದು ಆಸೆ. ಇಂಥದೊಂದು ಗಾಡಿ ನಮ್ಮವರಿಗೆ ಇದ್ದಿದ್ದರೆ ಎಂಬ ಆಸೆ. ಸಿಟ್ಟು ಬಂದದ್ದು ಆಮೇಲೆ.

ಕೊರಕಲು ರಸ್ತೆ ಎಂದರೇನು ಎನ್ನುವದನ್ನು ನಮ್ಮ ಜಿಲ್ಲೆಯ ದುಡಿಯುವವನಿಗೆ ಯಾರೂ ಚಿತ್ರ ಬರೆದು ತೋರಿಸಬೇಕಾಗಿಲ್ಲ. ಗುಳೇದಗುಡ್ಡದಲ್ಲಿ ಖಣ ನೇಯುವವನು, ಕಮತಗಿ, ಸೂಳೇಭಾವಿ, ಇಳಕಲ್ಲುಗಳಲ್ಲಿ ಸೀರೆ ನೇಯುವವನು ಸಾವಕಾರನ ಮನೆಯಿಂದ ನೂಲು ತರುವದು, ನೇಯ್ದದ್ದನ್ನು ಮರಳಿ ಒಯ್ಯುವದು ಕ್ಯಾರಿಯರಿಗೆ ಕಟ್ಟಿದ ಗಂಟಿನಲ್ಲಿ. ಹಳ್ಳಿಯಿಂದ ಹಾಲಿನ ಕ್ಯಾನು ತೂಗಿಸಿಕೊಂಡು ಬರುವವನು, ಅಮೀನಗಡದ ಸಂತೆಗೆ ಕಾಯಿಪಲ್ಲೆ ಹೇರಿಕೊಂಡು ಹೋಗುವವನು, ಇಳಕಲ್ಲಿನ ಗ್ರಾನೈಟ್ ಗಣಿಗೆ ಬುತ್ತಿ ಕಟ್ಟಿಕೊಂಡು ಹೋಗುವವನು, ಎಲ್ಲರೂ ಈ ರಸ್ತೆಯ ಗಿರಾಕಿಗಳೇ. ಕಲ್ಲು ಹೇರಿದ ಲಾರಿ ಅರೆದುಹೋದ ಡಾಂಬರಿನ ಮೇಲೆ, ಹಿಂದಿನಿಂದ ಬರುವ ಸೈಕಲ್ಲಿನವನಿಗೆ ಉಳಿಯುವದು ತಗ್ಗು ಮತ್ತು ಧೂಳು.

ಬಾಗಲಕೋಟೆಯಲ್ಲಿ ಇನ್ನೊಂದು ಕಥೆ. ಆಲಮಟ್ಟಿಯ ಹಿನ್ನೀರು ಹಳೆ ಊರಿನ ಓಣಿಗಳನ್ನು ನುಂಗಿದ ಮೇಲೆ ಮನೆ ನವನಗರದಲ್ಲಿ, ಅಂಗಡಿ ಹಳೆ ಪೇಟೆಯಲ್ಲಿ ಎಂಬ ಸ್ಥಿತಿ ಎಷ್ಟೋ ಕುಟುಂಬಗಳಿಗೆ ಬಂದಿತು. ಜಲಾಶಯಕ್ಕಾಗಿ ಊರು ಬಿಟ್ಟವನಿಗೆ ಪರಿಹಾರದ ಲೆಕ್ಕ ಹಾಕುವಾಗ ಸರಕಾರ ಮನೆಯ ಗೋಡೆಯನ್ನು ಅಳೆಯಿತು. ಅವನು ಮುಂದೆ ದಿನವೂ ತುಳಿಯಬೇಕಾದ ದಾರಿಯನ್ನು ಅಳೆಯಲಿಲ್ಲ.

ನಮ್ಮ ಹಳೆಯ ಕರಿ ಸೈಕಲ್ಲಿಗೆ ಸ್ಪ್ರಿಂಗು ಇರುವದು ಸೀಟಿನ ಕೆಳಗೆ ಮಾತ್ರ. ಮುಂದಿನ ಗಾಲಿ ತಗ್ಗಿಗೆ ಬಿದ್ದರೆ ಪೆಟ್ಟು ನೇರವಾಗಿ ಮುಂಗೈಗೆ, ಹೆಗಲಿಗೆ. ಹಿಂದಿನ ಗಾಲಿ ಕಲ್ಲಿಗೆ ಹೊಡೆದರೆ ಪೆಟ್ಟು ಟೊಂಕಕ್ಕೆ. ಎಂಟು ತಾಸು ಯಂತ್ರದ ಮುಂದೆ ನಿಂತು ಬಂದವನಿಗೆ, ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತವನಿಗೆ ಇದು ಮೇಲಿನ ದಂಡ. ಸ್ಪ್ರಿಂಗು ಬೇಕಾದ ಬೆನ್ನು ಎಂದರೆ ಈ ಬೆನ್ನು. ಮೋಟಾರು ಬೇಕಾದ ಕಾಲು ಎಂದರೆ ಈ ಕಾಲು. ಹಾಗಿದ್ದೂ ಜಗತ್ತಿನ ಅತ್ಯುತ್ತಮ ಸ್ಪ್ರಿಂಗು, ಅತ್ಯುತ್ತಮ ಮೋಟಾರು ಸೇರಿಸಿ ಮಾಡಿದ ಸೈಕಲ್ಲು ಯಾರಿಗಾಗಿ ಸಿದ್ಧವಾಗಿದೆ? ರವಿವಾರ ಗುಡ್ಡ ಹತ್ತಿ ಇಳಿಯುವ ಮೋಜಿಗಾಗಿ. ಈ ಅನ್ಯಾಯದ ಬಗ್ಗೆಯೇ ನಾವಿಂದು ಬರೆಯಬೇಕಾಗಿದೆ.

ಯಂತ್ರ ನಮ್ಮ ವೈರಿಯಲ್ಲ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ನಾವು ಯಂತ್ರದ ವಿರೋಧಿಗಳಲ್ಲ. "ಬಡವನಿಗೆ ಯಾಕೆ ಬೇಕು ಮೋಟಾರು? ತುಳಿದರೆ ಮೈ ಗಟ್ಟಿಯಾಗುತ್ತದೆ" ಎಂದು ಕಾರಿನಲ್ಲಿ ಕೂತು ಉಪದೇಶಿಸುವವರ ಗುಂಪಿಗೂ ನಾವು ಸೇರಿದವರಲ್ಲ. ದುಡಿದು ದಣಿದವನ ದಣಿವನ್ನು ಇಳಿಸುವ ಯಾವ ಯಂತ್ರವೇ ಆಗಲಿ ಅದು ನಮ್ಮದು. ಡಾ. ರಾಮಮನೋಹರ ಲೋಹಿಯಾ ಅವರು ಸಣ್ಣ ಯಂತ್ರದ ಮಾತನಾಡಿದಾಗ ನಕ್ಕವರು ಬಹಳ ಜನ. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಮೋಟಾರು ಇಬ್ಬರು ಮೂವರ ಕಾಲಿನ ಕೆಲಸ ಮಾಡುತ್ತಿರುವಾಗ ಆ ನಗು ಎಲ್ಲಿ ಹೋಯಿತು?

ಲೆಕ್ಕ ಹಾಕಿ ನೋಡೋಣ. ಬಿಡದೆ ತುಳಿಯುವ ಗಟ್ಟಿಮುಟ್ಟಾದ ಮನುಷ್ಯನ ಕಾಲಿನಿಂದ ತಾಸುಗಟ್ಟಲೆ ಬರುವ ಶಕ್ತಿ ಸುಮಾರು 75ರಿಂದ 100 ವಾಟ್. ನಮ್ಮ ಕಾಯದೆ ಸೈಕಲ್ಲಿಗೆ ಒಪ್ಪಿದ ಮೋಟಾರು 250 ವಾಟಿಗಿಂತ ಸ್ವಲ್ಪ ಕಡಿಮೆ. ಸವಾರ, ಸೈಕಲ್ಲು, ಹೇರು ಎಲ್ಲ ಸೇರಿ 125 ಕಿಲೊ ಎಂದು ಹಿಡಿಯಿರಿ. ಅಷ್ಟು ಭಾರವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದದ್ದು ಸುಮಾರು 34 ವಾಟ್-ತಾಸು. ಸೋರಿಹೋಗುವದನ್ನೂ ಸೇರಿಸಿ 50 ಎನ್ನಿ. ಬ್ಯಾಟರಿಯಲ್ಲಿ ತುಂಬುವದು 500 ವಾಟ್-ತಾಸು, ಅಂದರೆ ಅರ್ಧ ಯೂನಿಟ್ಟು. ಕರೆಂಟಿನ ಖರ್ಚು ನಾಲ್ಕೈದು ರೂಪಾಯಿ. ಒಂದು ಚಹದ ದುಡ್ಡಿನಲ್ಲಿ, ಹೇರು ಮತ್ತು ರಸ್ತೆ ನೋಡಿಕೊಂಡು, ಮೂವತ್ತರಿಂದ ಐವತ್ತು ಕಿಲೊಮೀಟರ್ ದಾರಿಗೆ ಬಲವಾದ ಆಸರೆ ಸಿಗುತ್ತದೆ. ಪೆಟ್ರೋಲಿನ ಗತಿ ನಿಮಗೇ ಗೊತ್ತು. 2024ರ ಜೂನಿನಲ್ಲಿ ರಾಜ್ಯ ಸರಕಾರವೇ ಲೀಟರಿಗೆ ಮೂರು ರೂಪಾಯಿ ಏರಿಸಿದಾಗ ಬೆಲೆ ನೂರರ ಗೆರೆಯನ್ನು ಮತ್ತೆ ದಾಟಿತು.

ಇನ್ನು ಈ ಯಂತ್ರ ಹುಟ್ಟಿದ್ದು ಯಾರಿಗಾಗಿ? 1993ರಲ್ಲಿ ಜಪಾನಿನ ಯಮಾಹಾ ಕಂಪನಿ ಪೆಡಲ್ ತುಳಿದಷ್ಟಕ್ಕೆ ತಕ್ಕಂತೆ ನೆರವು ಕೊಡುವ ಮೋಟಾರಿನ ಸೈಕಲ್ಲನ್ನು ಮೊದಲು ಪೇಟೆಗೆ ತಂದಿತು. ಅದನ್ನು ಕೊಂಡವರು ಪರ್ವತ ಹಾರುವ ವೀರರಲ್ಲ. ಪೇಟೆಗೆ ಹೋಗಿ ಬರುವ ಮುದುಕರು, ಮಕ್ಕಳನ್ನು ಕೂರಿಸಿಕೊಂಡು ಏರು ಹತ್ತುವ ತಾಯಂದಿರು. ಚೀನ ದೇಶದಲ್ಲಿ ಇಂದು ಮೂವತ್ತು ಕೋಟಿಗೂ ಮೀರಿ ವಿದ್ಯುತ್ ಸೈಕಲ್ಲುಗಳಿವೆ. ಅವು ಕಾರಖಾನೆಯ ಕೆಲಸಗಾರರ, ಪೇಟೆಯ ಹೇರುಗಾರರ ಗಾಡಿಗಳು. ಗುಡ್ಡದ ಸೈಕಲ್ಲಿನ ಹುಟ್ಟೂ ಬಡತನದ್ದೇ. 1970ರ ದಶಕದಲ್ಲಿ ಅಮೇರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ಹುಡುಗರು ಗುಜರಿಗೆ ಬಿದ್ದಿದ್ದ ದಪ್ಪ ಟಾಯರಿನ ಹಳೆಯ ಸೈಕಲ್ಲುಗಳನ್ನು ತಂದು, ತಮ್ಮ ಕೈಯಿಂದಲೇ ರಿಪೇರಿ ಮಾಡಿ ಟಮಲ್ಪಾಯಸ್ ಗುಡ್ಡದಿಂದ ಇಳಿಸತೊಡಗಿದರು. 1981ರ ಹೊತ್ತಿಗೆ ಕಂಪನಿಗಳು ಅದನ್ನೇ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರತೊಡಗಿದವು.

ಅಂದರೆ ಮೋಟಾರು ಹುಟ್ಟಿದ್ದು ಮುದುಕರ ಕಾಲಿಗೆ, ದಪ್ಪ ಟಾಯರಿನ ಸೈಕಲ್ಲು ಬಂದದ್ದು ಗುಜರಿ ಅಂಗಡಿಯಿಂದ. ಎರಡನ್ನೂ ಕೂಡಿಸಿ ಲಕ್ಷಗಟ್ಟಲೆ ಬೆಲೆಯ ಚೀಟಿ ಅಂಟಿಸಿದ್ದು ಮಾತ್ರ ಬಂಡವಳ.

ಬೆಲೆಯೊಂದೇ ಅಲ್ಲ, ಅದರ ಕಟ್ಟೋಣವನ್ನೂ ನೋಡಿರಿ. ಹಿಂದಿನ ಗಾಲಿ ಮೇಲೆ ಕೆಳಗೆ ಆಡುವಂತೆ ಚೌಕಟ್ಟನ್ನು ನಡುವೆ ತುಂಡರಿಸಿ ತಿರುಗಣಿಯಿಂದ ಜೋಡಿಸಿರುತ್ತಾರೆ. ಆದ ಕಾರಣ ನಮ್ಮ ಪೇಟೆಯಲ್ಲಿ ಸಿಗುವ ಸಾದಾ ಕ್ಯಾರಿಯರನ್ನು ಅದಕ್ಕೆ ಬಿಗಿಯಲು ಬರುವದಿಲ್ಲ. ನೂಲಿನ ಗಂಟು ಎಲ್ಲಿ ಕಟ್ಟಬೇಕು? ಹಾಲಿನ ಕ್ಯಾನು ಎಲ್ಲಿ ತೂಗಬೇಕು? ಹೆಂಡತಿ ಮಕ್ಕಳು ಎಲ್ಲಿ ಕೂಡಬೇಕು? ದುಡಿಮೆಗೆ ಜಾಗವೇ ಇಲ್ಲದ ಹಾಗೆ ಕಟ್ಟಿದ ಗಾಡಿ ಅದು. ಅದೇ ಮೋಟಾರು, ಅದೇ ಬ್ಯಾಟರಿ, ಮುಂದೊಂದು ಸಾದಾ ಶಾಕ್ ಅಬ್ಸಾರ್ಬರು, ದಪ್ಪ ಟಾಯರು, ಹಿಂದೆ ಗಟ್ಟಿ ಕ್ಯಾರಿಯರು, ಇಷ್ಟಿದ್ದರೆ ನಮ್ಮ ರಸ್ತೆಗೆ ಅರಮನೆಯ ಗಾಡಿಯಾದೀತು. ಅಂಥದನ್ನು ಮಾಡಲು ಬಾರದೆ ಬಿಟ್ಟದ್ದಲ್ಲ. 1972ರಲ್ಲೇ ಲೂನಾದಂಥ ಬಡವರ ಗಾಡಿ ಮಾಡಿದ ದೇಶ ಇದು. ಸಣ್ಣ ವ್ಯಾಪಾರಿಗಳು ಅದರ ಮೇಲೆ ಅಂಗಡಿಗೆ ಅಂಗಡಿಯನ್ನೇ ಹೇರಿದರು.

ತೆರಿಗೆಯ ತಕ್ಕಡಿ

ಬೆಲೆಯನ್ನು ಕಂಪನಿ ಕಟ್ಟುತ್ತದೆ, ಅದಕ್ಕೆ ನಾವೇನು ಮಾಡೋಣ ಎಂದು ಸರಕಾರದವರು ಕೈ ತೊಳೆದುಕೊಳ್ಳಬಹುದು. ತೆರಿಗೆಯನ್ನು ಕಟ್ಟಿದವರು ಯಾರು?

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸಾದಾ ಸೈಕಲ್ಲಿನ ಮೇಲೆ ನೂರಕ್ಕೆ 12 ರೂಪಾಯಿ ತೆರಿಗೆ ಹೇರಿದರು. ವಿದ್ಯುತ್ ವಾಹನಗಳ ಮೇಲೂ ಅಷ್ಟೇ ಇತ್ತು. 2019ರ ಆಗಸ್ಟ್ 1ರಂದು ವಿದ್ಯುತ್ ವಾಹನಗಳ ತೆರಿಗೆಯನ್ನು 12ರಿಂದ 5ಕ್ಕೆ ಇಳಿಸಿದರು. ವಿದ್ಯುತ್ ಸೈಕಲ್ಲೂ ಇದರಲ್ಲಿ ಸೇರಿದೆ ಎಂದು ಅಧಿಸೂಚನೆಯಲ್ಲೇ ಬರೆದರು. ಒಳ್ಳೆಯದು. ಆದರೆ ಸಾದಾ ಸೈಕಲ್ಲು? ಅದು 12ರಲ್ಲಿಯೇ ನಿಂತಿತು. 2025ರ ಸಪ್ಟೆಂಬರ್ 22ರ ವರೆಗೆ, ಆರು ವರ್ಷಕ್ಕೂ ಮೇಲೆ, ಅಲ್ಲಿಯೇ ನಿಂತಿತು.

ಇದರ ಅರ್ಥವನ್ನು ರೂಪಾಯಿಯಲ್ಲಿ ನೋಡಿರಿ. ಆ ಆರು ವರ್ಷ ಆರು ಸಾವಿರದ ಸೈಕಲ್ಲು ಕೊಂಡ ಕೂಲಿಕಾರ 720 ರೂಪಾಯಿ ತೆರಿಗೆ ಕೊಟ್ಟ. ಅವನಿಗೂ 5ರ ದರವಿದ್ದರೆ ಕೊಡಬೇಕಾದದ್ದು 300. ಅದೇ ಕಾಲದಲ್ಲಿ ನಾಲ್ಕು ಲಕ್ಷದ ವಿದ್ಯುತ್ ಸೈಕಲ್ಲು ಕೊಂಡವನಿಗೆ 48,000ದ ಬದಲು 20,000. ಉಳಿತಾಯ 28,000 ರೂಪಾಯಿ. ಅವನಿಗೆ ಉಳಿದ ದುಡ್ಡಿನಲ್ಲಿ ಕೂಲಿಕಾರನ ನಾಲ್ಕು ಸೈಕಲ್ಲು ಬಂದು ಮೇಲೆ ಚಿಲ್ಲರೆಯೂ ಮಿಗುತ್ತಿತ್ತು. ಹೊಗೆ ಬಿಡದ ಗಾಡಿಗೆ ಉತ್ತೇಜನ ಕೊಟ್ಟೆವು ಎನ್ನುತ್ತಾರೆ. ಸ್ವಾಮಿ, ಸಾದಾ ಸೈಕಲ್ಲು ಯಾವ ಹೊಗೆ ಬಿಡುತ್ತದೆ? ತುಳಿಯುವವನ ಬಾಯಿಯ ಬೀಡಿಯ ಹೊಗೆಯೊಂದನ್ನು ಬಿಟ್ಟರೆ ಬೇರೆ ಹೊಗೆ ನಮಗಂತೂ ಕಂಡಿಲ್ಲ.

ಈಗ ಎರಡಕ್ಕೂ 5 ಆಗಿದೆ, ಸಮಾನತೆ ಬಂದಿದೆ ಎಂದು ಬೆನ್ನು ತಟ್ಟಿಕೊಳ್ಳುವವರಿದ್ದಾರೆ. 2024ರ ಅಕ್ಟೋಬರಿನಲ್ಲಿ ಮಂತ್ರಿಗಳ ಸಮಿತಿ ಹತ್ತು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸೈಕಲ್ಲಿಗೆ ಮಾತ್ರ ತೆರಿಗೆ ಇಳಿಸಬೇಕೆಂದು ಸೂಚಿಸಿತ್ತು. ದುಡಿಮೆಯ ಸೈಕಲ್ಲಿಗೂ ಮೋಜಿನ ಸೈಕಲ್ಲಿಗೂ ನಡುವೆ ಒಂದು ಗೆರೆ ಎಳೆಯಬಹುದು ಎನ್ನುವದು ಅವರಿಗೂ ತಿಳಿದಿತ್ತು ಎಂದಾಯಿತು. ಮರುವರ್ಷ ತೀರ್ಮಾನ ಬರುವಾಗ ಆ ಗೆರೆ ಅಳಿಸಿಹೋಗಿತ್ತು. ಐದು ಸಾವಿರದ ಸೈಕಲ್ಲಿಗೂ 5, ಐದು ಲಕ್ಷದ ಸೈಕಲ್ಲಿಗೂ 5. ಆನೆಗೂ ಇರುವೆಗೂ ಒಂದೇ ಅಳತೆಯ ಬುತ್ತಿ ಕಟ್ಟಿ ಸಮಾನತೆ ಎಂದು ಕರೆದಂತೆ.

ಇಲ್ಲಿಗೇ ಮುಗಿಯಲಿಲ್ಲ. ಹೊಸ ವಿದ್ಯುತ್ ಸೈಕಲ್ಲು ಬ್ಯಾಟರಿ ಸಮೇತ ಕೊಂಡರೆ ನೂರಕ್ಕೆ 5. ಮೂರು ನಾಲ್ಕು ವರ್ಷ ತುಳಿದ ಮೇಲೆ ಬ್ಯಾಟರಿ ಸತ್ತು ಹೊಸದೊಂದು ಬ್ಯಾಟರಿಯನ್ನಷ್ಟೇ ಕೊಂಡರೆ ನೂರಕ್ಕೆ 18! ಹಳೆಯದನ್ನು ಎಸೆದು ಹೊಸದು ಕೊಳ್ಳುವ ಉಳ್ಳವನಿಗೆ ರಿಯಾಯತಿ. ಹಳೆಯದನ್ನೇ ಸರಿಪಡಿಸಿ ಕಾಲ ನೂಕುವ ಬಡವನಿಗೆ ದಂಡ. ಹಿಂದೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದ ಕಾಲದಲ್ಲಿ ತೆರಿಗೆ ಕಣ್ಣಿಗಾದರೂ ಕಾಣುತ್ತಿತ್ತು. ಈಗಿನದು ಬಿಲ್ಲಿನೊಳಗೆ ಅಡಗಿ ಕೂತು ಕಚ್ಚುತ್ತದೆ.

ರಿಪೇರಿ ಅಂಗಡಿಗೆ ಬೀಗ

ಸಣ್ಣ ವ್ಯಾಪಾರಿಗಳು, ಅದರಲ್ಲೂ ಸೈಕಲ್ ಶಾಪಿನವರು ಮುಂದಿನ ಮಾತನ್ನು ಲಕ್ಷ್ಯಗೊಟ್ಟು ಓದಬೇಕು.

ಹುನಗುಂದವಿರಲಿ, ಕೆರೂರವಿರಲಿ, ಬಸ್‌ಸ್ಟ್ಯಾಂಡಿನ ಬಳಿ ಒಂದು ಪಂಪು, ನೀರಿನ ಬುಟ್ಟಿ, ನಾಲ್ಕು ಪಾನಾ ಇಟ್ಟುಕೊಂಡವನು ಸಾದಾ ಸೈಕಲ್ಲಿನ ಯಾವ ರೋಗಕ್ಕೂ ಮದ್ದು ಬಲ್ಲವನು. ಚೈನು ಹರಿದರೆ, ರಿಮ್ಮು ಸೊಟ್ಟಾದರೆ, ಛರ್ರೆ ಸವೆದರೆ ಅರ್ಧ ತಾಸಿನಲ್ಲಿ ಸರಿ. ದುಡ್ಡಿಲ್ಲದಿದ್ದರೆ ಉದ್ರಿ. ಸೈಕಲ್ಲು ಬಡವರ ಗಾಡಿಯಾದದ್ದು ಅದರ ಬೆಲೆಯಿಂದ ಮಾತ್ರ ಅಲ್ಲ, ಈ ಮನುಷ್ಯನಿಂದ.

ಹೊಸ ಗಾಡಿಯಲ್ಲಿ ಏನಾಗಿದೆ? ಮೋಟಾರಿನ ಡಬ್ಬಿ ಮುಚ್ಚಿದ್ದು. ಬ್ಯಾಟರಿಯ ಡಬ್ಬಿ ಮುಚ್ಚಿದ್ದು. ದುಬಾರಿ ಗಾಡಿಗಳಲ್ಲಿ ಎಲ್ಲಿ ಕೆಟ್ಟಿದೆಯೆಂದು ತಿಳಿಯಲೂ ಕಂಪನಿಯ ಕಂಪ್ಯೂಟರ್ ಬೇಕು, ಅದು ಇರುವದು ಕಂಪನಿ ಒಪ್ಪಿದ ಡೀಲರನ ಬಳಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂಡುವದಿಲ್ಲ. ಒಳಗಿನ ಹತ್ತಾರು ಸೆಲ್ಲುಗಳಲ್ಲಿ ಒಂದೆರಡು ಸತ್ತರೂ ಇಡೀ ಬ್ಯಾಟರಿಯನ್ನು ಎಸೆಯಬೇಕು. ನಾಳೆ ಈ ಗಾಡಿಗಳೇ ಪೇಟೆ ತುಂಬಿದವೆಂದು ಇಟ್ಟುಕೊಳ್ಳಿರಿ. ಬಾಗಲಕೋಟೆಯ ಸೈಕಲ್ ಶಾಪಿನವನು ಗಾಳಿ ಹೊಡೆಯುವದಕ್ಕೆ, ಪಂಕ್ಚರ್ ಹಾಕುವದಕ್ಕೆ ಮಾತ್ರ ಉಳಿಯುತ್ತಾನೆ. ಗಿರಾಕಿ ಹುಬ್ಬಳ್ಳಿಗೆ ಗಾಡಿ ಹೊತ್ತುಕೊಂಡು ಹೋಗುತ್ತಾನೆ. ಕೆಲಸ ಕಳೆದುಕೊಂಡವನೂ ನಮ್ಮವನೇ, ದುಡ್ಡು ಕಳೆದುಕೊಂಡವನೂ ನಮ್ಮವನೇ.

ಇದು ಯಂತ್ರದ ಸಹಜ ಗುಣ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಯುರೋಪಿನ ಒಕ್ಕೂಟ 2023ರಲ್ಲಿ ಬ್ಯಾಟರಿಗಳ ಕಾಯದೆ ಮಾಡಿದೆ. 2027ರ ಫೆಬ್ರುವರಿ 18ರಿಂದ ವಿದ್ಯುತ್ ಸೈಕಲ್ಲಿನಂಥ ಹಗುರ ಗಾಡಿಗಳ ಬ್ಯಾಟರಿಯನ್ನು, ಅದರೊಳಗಿನ ಒಂದೊಂದು ಸೆಲ್ಲನ್ನು ಕೂಡ, ಕಂಪನಿಗೆ ಸೇರದ ಸ್ವತಂತ್ರ ಕುಶಲಕರ್ಮಿಯು ಬಿಚ್ಚಿ ಬದಲಿಸಲು ಬರುವಂತೆ ಇರಬೇಕೆಂದು ಅದರಲ್ಲಿ ವಿಧಿಸಿದೆ. ಬಂಡವಳಗಾರರ ಯುರೋಪಿಗೆ ಸಾಧ್ಯವಾದದ್ದು ದಿಲ್ಲಿಗೆ ಯಾಕೆ ಸಾಧ್ಯವಾಗುವದಿಲ್ಲ? 2022ರಲ್ಲಿ ನಮ್ಮ ಕೇಂದ್ರ ಸರಕಾರವೂ "ರಿಪೇರಿಯ ಹಕ್ಕು" ಎಂಬ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಹುನಗುಂದದ ಸೈಕಲ್ ಶಾಪಿಗೆ ಒಂದು ಪಾನಾದಷ್ಟೂ ಅಧಿಕಾರ ಬಂದು ಮುಟ್ಟಿಲ್ಲ.

ಕೊಳ್ಳುವವರಿಗೂ ಒಂದು ಎಚ್ಚರಿಕೆ. ಮೋಟಾರಿನ ಶಕ್ತಿ 250 ವಾಟಿಗಿಂತ ಕಡಿಮೆಯಿದ್ದು, ವೇಗ ತಾಸಿಗೆ 25 ಕಿಲೊಮೀಟರಿಗೆ ಬಂದೊಡನೆ ಅಥವಾ ತುಳಿಯುವದನ್ನು ನಿಲ್ಲಿಸಿದೊಡನೆ ಮೋಟಾರು ನಿಲ್ಲುವಂತಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೊ ಮೀರದಿದ್ದರೆ ಅದು ಸೈಕಲ್ಲು. ಅದಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಅದಕ್ಕಿಂತ ಬಲವಾದ ಗಾಡಿಯನ್ನು ಲೈಸೆನ್ಸ್ ಬೇಡವೆಂದು ಯಾರಾದರೂ ಮಾರಿದರೆ ಮಾರಿದವನು ಲಾಭ ಎಣಿಸಿಕೊಂಡು ಹೋಗುತ್ತಾನೆ. ಪೋಲೀಸರ ಮುಂದೆ ನಿಲ್ಲುವವನು ಕೊಂಡವನು.

ಬಾದಾಮಿಯ ಗುಡ್ಡ ಯಾರದು?

ಬಾದಾಮಿಯ ಕೆಂಪು ಬಂಡೆ ಹತ್ತಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಅವರ ಬಗ್ಗೆ ನಮಗೆ ತಕರಾರಿಲ್ಲ, ಅತಿಥಿಗಳು ಬರಲಿ. ಹಗ್ಗ ಕಟ್ಟಿ ಬಂಡೆ ಹತ್ತುವ ಆಟದ ಬೆನ್ನಿಗೇ ನಾಳೆ ಮೋಟಾರು ಸೈಕಲ್ಲಿನ ಗುಡ್ಡದೋಟವೂ ಬಂದೀತು. ಹಾಗೆ ಬಂದಾಗ ಯಾರು ಯಾರಿಗೆ ಏನು ಬಾಕಿ ಎನ್ನುವ ಲೆಕ್ಕವನ್ನು ಈಗಲೇ ಮಾಡಿಟ್ಟಿರಬೇಕು.

ಜಾಹೀರಾತಿನವರು ಯಾವದನ್ನು ಸಾಹಸದ ಹಾದಿ ಎನ್ನುತ್ತಾರೋ ಅದು ನಮ್ಮಲ್ಲಿ ಕುರುಬನು ಕುರಿ ಹೊಡೆದುಕೊಂಡು ಹೋಗುವ ಹಾದಿ. ಕಟ್ಟಿಗೆಯ ಹೊರೆ ಹೊತ್ತ ಹೆಣ್ಣುಮಕ್ಕಳು ಇಳಿಯುವ ಹಾದಿ. ಬಾದಾಮಿಯಿಂದ ಗುಡ್ಡ ದಾಟಿ ಮಹಾಕೂಟಕ್ಕೆ ನಡೆಯುವ ಭಕ್ತರ ಹಾದಿ. ಬನದ ಹುಣ್ಣಿವೆಗೆ ಬನಶಂಕರಿಗೆ ಬರುವವರ ಕಾಲು ತುಳಿದು ಮಾಡಿದ ಹಾದಿಗಳೂ ಇಂಥವೇ. ಯಾವ ಇಂಜಿನಿಯರನೂ ಇವನ್ನು ಅಳೆದು ಕಟ್ಟಲಿಲ್ಲ, ಯಾವ ಗುತ್ತಿಗೆದಾರನೂ ಬಿಲ್ಲು ಎತ್ತಲಿಲ್ಲ. 578ರ ಹೊತ್ತಿಗೆ ಮಂಗಳೇಶನಿಗಾಗಿ ಮೂರನೆಯ ಗುಹೆಯನ್ನು ಕೊರೆದ ಕಲ್ಲುಕುಟಿಗರು ಬೆಳಗು ಬೈಗು ಹತ್ತಿ ಇಳಿದದ್ದೂ ಇಂಥ ಹಾದಿಯಲ್ಲೇ. ಈ ಹಾದಿಯ ಮೇಲೆ ಗಾಲಿ ಉರುಳಿಸಿ ದುಡ್ಡು ಮಾಡುವವರು ಹಾದಿ ಮಾಡಿದವರಿಗೆ ಕೇಳಬೇಕಾಗುತ್ತದೆ. ಇಳುಕಲಿನಲ್ಲಿ ಬ್ರೇಕು ಹಿಡಿದ ಗಾಲಿ ಮಣ್ಣು ಕೆದರಿ ಕೊರಕಲು ಮಾಡಿದರೆ ಮುಂದಿನ ಮಳೆಗೆ ಹಾದಿಯೇ ಕೊಚ್ಚಿಹೋಗುತ್ತದೆ. ಪ್ರವಾಸಿ ಊರಿಗೆ ಹೋಗಿರುತ್ತಾನೆ. ಕಾಲು ಜಾರುವದು ಹೊರೆ ಹೊತ್ತವಳದು.

"ಪ್ರವಾಸೋದ್ಯಮದಿಂದ ಕೆಲಸ ಸಿಗುತ್ತದೆ" ಎನ್ನುತ್ತಾರೆ. ಸಿಗಲಿ. ಎಂಥ ಕೆಲಸ? ಬೆಂಗಳೂರಿನ ಮಾಲಿಕನ ಗಾಡಿ ಒರೆಸುವ ಕೆಲಸವೋ, ಊರ ಯುವಕರ ಸಹಕಾರಿ ಸಂಘವೇ ಗಾಡಿಯ ಒಡೆತನ ಹೊಂದಿ ಬಾಡಿಗೆಗೆ ಕೊಡುವ ಕೆಲಸವೋ? ಎರಡನೆಯದಾದರೆ ನಮ್ಮ ಬೆಂಬಲವಿದೆ. ಆ ಗಾಡಿಗಳು ರವಿವಾರ ಪ್ರವಾಸಿಗರನ್ನು ಹೊತ್ತು ವಾರದ ಉಳಿದ ದಿನ ಹಾಲು, ನೂಲು, ಕಾಯಿಪಲ್ಲೆ ಹೊತ್ತಾವು.

ಎರಡು ಆಕ್ಷೇಪಣೆಗಳು

ಒಂದು ಆಕ್ಷೇಪಣೆ ನಮ್ಮವರಿಂದಲೇ ಬರುತ್ತದೆ. "ಈಗ ಸೈಕಲ್ಲು ತುಳಿಯುವವರು ಯಾರಿದ್ದಾರೆ? ಎಲ್ಲರ ಕೈಯಲ್ಲೂ ಮೋಟಾರ್ ಸೈಕಲ್ಲು." ಪೇಟೆಯ ನಡುವೆ ನಿಂತು ನೋಡಿದರೆ ಹಾಗೆ ಕಾಣುವದು ಸಹಜ. 2011ರ ಜನಗಣತಿಯಲ್ಲಿ, ಹೊಲದ ಕೆಲಸ ಬಿಟ್ಟು ಬೇರೆ ದುಡಿಮೆಗೆ ಹೋಗುವವರು ಹೇಗೆ ಹೋಗುತ್ತಾರೆಂದು ಕೇಳಿದಾಗ ಸುಮಾರು 4.5 ಕೋಟಿ ಜನ ನಡೆದು ಹೋಗುತ್ತೇವೆಂದರು, ಸುಮಾರು 2.6 ಕೋಟಿ ಜನ ಸೈಕಲ್ಲಿನ ಮೇಲೆ ಎಂದರು. ಕಾರಿನವರು ಅರ್ಧ ಕೋಟಿಯ ಆಚೆ ಈಚೆ. ದೇಶದ ನೂರು ಕುಟುಂಬಗಳಲ್ಲಿ 45ರಷ್ಟು ಕುಟುಂಬಗಳಲ್ಲಿ ಸೈಕಲ್ಲಿತ್ತು. ಅಂದಿನಿಂದ ಮೋಟಾರ್ ಸೈಕಲ್ಲು ಹೆಚ್ಚಿವೆ, ನಿಜ. ಅವುಗಳ ಕಂತು ಕಟ್ಟಲು, ಪೆಟ್ರೋಲು ತುಂಬಲು ಪಗಾರದ ಎಷ್ಟು ಪಾಲು ಹೋಗುತ್ತದೆಂದು ಗಿರಣಿಯ ಬಾಗಿಲಲ್ಲಿ ಕೇಳಿ ನೋಡಿರಿ. ಸೈಕಲ್ಲು ಬಿಟ್ಟದ್ದು ಸೈಕಲ್ಲು ಬೇಡವಾಗಿ ಅಲ್ಲ. ದಾರಿ ದೂರವಾಯಿತು, ರಸ್ತೆ ಕೆಟ್ಟಿತು, ಮೈ ಸೋತಿತು. ಈ ಮೂರಕ್ಕೂ ಉತ್ತರವಾಗಬಲ್ಲ ಗಾಡಿ ಈಗ ತಯಾರಾಗಿದೆ. ಅದನ್ನು ನಮ್ಮಿಂದ ದೂರ ಇಟ್ಟಿರುವದು ಬೆಲೆ.

ಎರಡನೆಯದು ಪೇಟೆಯ ಪಂಡಿತರದು. "ಬೇಡಿಕೆ ಇದ್ದರೆ ಕಂಪನಿಯೇ ಮಾಡಿ ಮಾರುತ್ತದೆ." ಬೇಡಿಕೆ ಎಂದರೆ ಅವರ ಭಾಷೆಯಲ್ಲಿ ಜೇಬಿನ ಬೇಡಿಕೆ, ಟೊಂಕದ ನೋವಿಗೆ ಅವರ ಪಟ್ಟಿಯಲ್ಲಿ ಸ್ಥಾನವಿಲ್ಲ. 1951ರಲ್ಲಿ ಸೋನಿಪತ್ತಿನಲ್ಲಿ ಹುಟ್ಟಿದ ಅಟ್ಲಾಸ್ ಸೈಕಲ್ ಕಂಪನಿ ದೇಶದ ಬಡವರನ್ನೆಲ್ಲ ಸೈಕಲ್ಲಿನ ಮೇಲೆ ಕೂರಿಸಿತು. 2020ರ ಜೂನ್ 3ರಂದು, ಜಗತ್ತೆಲ್ಲ ಸೈಕಲ್ ದಿನ ಆಚರಿಸುವ ದಿನವೇ, ಸಾಹಿಬಾಬಾದಿನ ಅದರ ಕಾರಖಾನೆಗೆ ಬಂದ ಕೆಲಸಗಾರರಿಗೆ ಗೇಟಿನ ಮೇಲೆ ಅಂಟಿಸಿದ ಲೇ-ಆಫ್ ನೋಟೀಸು ಸಿಕ್ಕಿತು. ಪೇಟೆಯ ನ್ಯಾಯವೆಂದರೆ ಇದು. ಅದೇ 2020ರಲ್ಲಿ ನಮ್ಮ ರಾಜ್ಯ ಸರಕಾರ 2006-07ರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಕೊಡುತ್ತ ಬಂದಿದ್ದ ಸೈಕಲ್ಲನ್ನೂ ನಿಲ್ಲಿಸಿತು. ಕೊರೊನಾ ನೆವ. ಕೊರೊನಾ ಹೋಯಿತು, ಶಾಲೆ ತೆರೆಯಿತು, ಮರುವರ್ಷವೂ ಅದರ ಮರುವರ್ಷವೂ ಸೈಕಲ್ಲು ಬರಲಿಲ್ಲ. ಹಳ್ಳಿಯಿಂದ ಹೈಸ್ಕೂಲಿಗೆ ನಡೆದು ಹೋಗಬೇಕಾದ ಹುಡುಗಿ ಯಾವ ಕಂಪನಿಯ ಬೇಡಿಕೆಯ ಪಟ್ಟಿಯಲ್ಲಿದ್ದಾಳೆ?

ಮನಸ್ಸಿದ್ದರೆ ಮಾರ್ಗವಿದೆ ಎನ್ನುವದಕ್ಕೆ ದಿಲ್ಲಿಯ ಉದಾಹರಣೆಯೇ ಸಾಕು. 2022ರಲ್ಲಿ ಅಲ್ಲಿಯ ರಾಜ್ಯ ಸರಕಾರ ವಿದ್ಯುತ್ ಸೈಕಲ್ಲು ಕೊಳ್ಳುವ ಮೊದಲ ಹತ್ತು ಸಾವಿರ ಜನರಿಗೆ 5,500 ರೂಪಾಯಿ ಸಹಾಯಧನವನ್ನೂ, ಹೇರು ಹೊರುವ ವಿದ್ಯುತ್ ಸೈಕಲ್ಲಿನ ಮೊದಲ ಐದು ಸಾವಿರ ಗಿರಾಕಿಗಳಿಗೆ 15,000 ರೂಪಾಯಿಯನ್ನೂ ಘೋಷಿಸಿತು. ಹೇರಿನ ಗಾಡಿಗೆ ಹೆಚ್ಚು, ಸವಾರಿಯ ಗಾಡಿಗೆ ಕಡಿಮೆ. ಇದು ಸರಿಯಾದ ತಕ್ಕಡಿ. ರಾಜಧಾನಿಯ ಸಪಾಟು ರಸ್ತೆಗೆ ಇಷ್ಟು ಬೇಕಾಗಿದ್ದರೆ ಇಳಕಲ್ಲು, ಬಾದಾಮಿಗಳ ಏರು ತಗ್ಗಿಗೆ ಎಷ್ಟು ಬೇಕು?

ನಾವು ಕೇಳುವದು

ಒಂದು: ದುಡಿಮೆಯ ಸೈಕಲ್ಲಿಗೂ, ಕ್ಯಾರಿಯರುಳ್ಳ ಅಗ್ಗದ ವಿದ್ಯುತ್ ಸೈಕಲ್ಲಿಗೂ ತೆರಿಗೆ ಪೂರ್ಣ ಹೋಗಬೇಕು. ಆ ನಷ್ಟವನ್ನು ಲಕ್ಷ ರೂಪಾಯಿ ಮೀರಿದ ಮೋಜಿನ ಸೈಕಲ್ಲಿನ ಮೇಲೆ ಹೆಚ್ಚು ತೆರಿಗೆ ಹಾಕಿ ತುಂಬಿಕೊಳ್ಳಲಿ. ಬಿಡಿ ಬ್ಯಾಟರಿಯ ಮೇಲಿನ 18 ಇಳಿದು ಗಾಡಿಯ ದರಕ್ಕೆ ಬರಬೇಕು.

ಎರಡು: ವಿದ್ಯುತ್ ಸೈಕಲ್ಲಿನ ಬ್ಯಾಟರಿ, ಮೋಟಾರುಗಳನ್ನು ಯಾವ ಸೈಕಲ್ ಶಾಪಿನವನಾದರೂ ಬಿಚ್ಚಿ ಸರಿಪಡಿಸಲು ಬರುವಂತೆ ಕಾಯದೆ ಆಗಬೇಕು. ಬಾಗಲಕೋಟೆಯ ಐ.ಟಿ.ಐ.ಯಲ್ಲಿ ಸೈಕಲ್ ಶಾಪಿನವರಿಗೆ ಪುಕ್ಕಟೆ ಸಂಜೆ ತರಗತಿ ನಡೆಸಬೇಕು.

ಮೂರು: ನೇಕಾರರ ಸಹಕಾರಿ ಸಂಘಗಳ ಮೂಲಕ, ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಆರಂಭವಾದ ಸ್ವನಿಧಿ ಸಾಲದ ಮಾದರಿಯಲ್ಲಿ, ಹೇರಿನ ವಿದ್ಯುತ್ ಸೈಕಲ್ಲಿಗೆ ಕಡಿಮೆ ಬಡ್ಡಿಯ ಸಾಲ ಸಿಗಬೇಕು. ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಡಬೇಕು.

ನಾಲ್ಕು: ಬಾದಾಮಿಯ ಸುತ್ತಿನ ಗುಡ್ಡದ ಹಾದಿಗಳಲ್ಲಿ ಗಾಡಿ ಬಾಡಿಗೆಯ ದಂಧೆಗೆ ಅನುಮತಿ ಕೊಡುವ ಮೊದಲು ಆ ಹಾದಿ ತುಳಿಯುವ ಊರವರ ಗ್ರಾಮಸಭೆ ಒಪ್ಪಬೇಕು. ಬಾಡಿಗೆಯ ಒಂದು ಪಾಲು ಹಾದಿಯ ದುರಸ್ತಿಗೆ ಹೋಗಬೇಕು.

ಐದು: ರಸ್ತೆ. ಇದನ್ನು ಕೊನೆಗೆ ಇಟ್ಟದ್ದು ಚಿಕ್ಕದೆಂದು ಅಲ್ಲ. ರಸ್ತೆ ಸರಿಯಿದ್ದರೆ ಅರ್ಧ ಸ್ಪ್ರಿಂಗು ಬೇಕಾಗುವದಿಲ್ಲ. ಕಲ್ಲಿನ ಲಾರಿಗಳಿಂದ ಸರಕಾರಕ್ಕೆ ಬರುವ ರಾಜಧನದ ಒಂದು ಪಾಲು ಆ ಲಾರಿಗಳು ಕೆಡಿಸಿದ ರಸ್ತೆಗೇ ಮೊದಲು ಹೋಗಲಿ.

ಇವು ಸರಕಾರಕ್ಕೆ. ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತೂ ಒಂದಿದೆ. ಒಬ್ಬನಿಗೆ ಕೊಳ್ಳಲಾಗದ್ದನ್ನು ಹತ್ತು ಜನ ಕೂಡಿ ಕೊಳ್ಳಬಹುದು. ಒಂದು ಗಿರಣಿಯ ಒಂದು ಪಾಳಿಯವರು, ಒಂದು ಓಣಿಯ ನೇಕಾರರು, ಒಂದು ಸಂತೆಯ ಕಾಯಿಪಲ್ಲೆಯವರು ಕೂಡಿ ಎರಡು ಹೇರಿನ ಗಾಡಿ ಕೊಂಡು ಸರದಿಯ ಮೇಲೆ ನಡೆಸಲಿ. ಅದರ ಖರ್ಚು ವೆಚ್ಚ ಬರೆದಿಡಲಿ, ಕೆಟ್ಟದ್ದು ಕೂಡಿದ್ದು ಬರೆದಿಡಲಿ. ಬಾಯಿ ಮಾತಿಗೆ ಕಿವುಡಾದ ಅಧಿಕಾರಿ ಲೆಕ್ಕದ ಪುಸ್ತಕಕ್ಕೆ ಅಷ್ಟು ಬೇಗ ಕಿವುಡಾಗಲಾರ. ಸಂಘದ ಮುಂದಿನ ಸಭೆಯಲ್ಲಿ ಪಗಾರ, ಬೋನಸ್ಸಿನ ಜೊತೆಗೆ ಇದೂ ಒಂದು ವಿಷಯವಾಗಲಿ: ಮನೆಯಿಂದ ಗಿರಣಿಯ ಬಾಗಿಲಿಗೆ ಬರುವ ದಾರಿ, ಆ ದಾರಿಯಲ್ಲಿ ಸವೆಯುವ ಮೈ.

ಆ ಜಾಹೀರಾತಿನ ಸವಾರ ಗುಡ್ಡದ ತುದಿಯಲ್ಲಿ ನಿಂತು ದೂರ ನೋಡುತ್ತಿದ್ದ. ಅವನ ಕಣ್ಣಿಗೆ ಕಾಣದಿದ್ದರೂ ಕೆಳಗಿನ ರಸ್ತೆಯಲ್ಲಿ ಗಂಟು ಕಟ್ಟಿಕೊಂಡು ಏರು ತುಳಿಯುತ್ತಿರುವವನು ಇದ್ದಾನೆ. ಏರಿನ ನಡುವೆ ಉಸಿರು ಸಾಲದೆ ಸೈಕಲ್ಲಿನಿಂದ ಇಳಿದು ತಳ್ಳತೊಡಗುತ್ತಾನೆ. ಮೋಟಾರು ಮೊದಲು ಸಿಗಬೇಕಾದದ್ದು ಅವನಿಗೆ.